ಬಿದ್ದ ಆಟಗಾರ ಮತ್ತೆ ಓಡುವವರೆಗೆ: ಕ್ರೀಡಾ ಫಿಸಿಯೋ ಕೆಲಸ ಏನು, ಅದಕ್ಕೆ ಓದು ಏನು?

ಏಪ್ರಿಲ್, ಮೇ ಬಂತು ಅಂದರೆ ನಮ್ಮ ಮನೆಗಳಲ್ಲಿ ಎರಡು ವಿಷಯ ಒಟ್ಟಿಗೆ ಓಡುತ್ತಿರುತ್ತವೆ. ಒಂದು ಪಿಯುಸಿ ಫಲಿತಾಂಶ, ಇನ್ನೊಂದು ಐಪಿಎಲ್. ಮಗಳನ್ನು ಯಾವ ಕೋರ್ಸಿಗೆ ಸೇರಿಸೋಣ ಅಂತ ಮಾತು ನಡೆಯುತ್ತಿರುವಾಗಲೇ ಟಿವಿಯಲ್ಲಿ ಒಬ್ಬ ಬೌಲರ್ ತೊಡೆ ಹಿಡಿದುಕೊಂಡು ಕೂರುತ್ತಾನೆ. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬರು ಬೌಂಡರಿ ಆಚೆಯಿಂದ ಓಡಿ ಬರುತ್ತಾರೆ. ಕಾಲು ಮುಟ್ಟಿ ನೋಡುತ್ತಾರೆ, ಏನೋ ಕೇಳುತ್ತಾರೆ, ತಲೆ ಆಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಬೌಲರ್ ಅವರ ಜೊತೆ ಹೊರಗೆ ನಡೆಯುತ್ತಾನೆ. 'ಈ ಕೆಲಸಕ್ಕೆ ಏನು ಓದಬೇಕು?' ಅನ್ನುವ ಪ್ರಶ್ನೆ ಹುಟ್ಟುವುದು ಅಲ್ಲೇ.

ಒಂದು ಘಟನೆ ನೆನಪಿಸಿಕೊಳ್ಳೋಣ. 2023ರ ಮೇ 1, ಲಕ್ನೋ. ಬೆಂಗಳೂರು ತಂಡದ ವಿರುದ್ಧ ಪಂದ್ಯ. ಲಕ್ನೋ ನಾಯಕ, ನಮ್ಮ ಕೆ.ಎಲ್. ರಾಹುಲ್ ಬೌಂಡರಿ ಕಡೆ ಹೋಗುತ್ತಿದ್ದ ಚೆಂಡಿನ ಹಿಂದೆ ಓಡಿದರು. ಓಡುತ್ತಲೇ ತೊಡೆ ಹಿಡಿದುಕೊಂಡು ಬಿದ್ದರು. ಅದೇ ತಿಂಗಳು ಲಂಡನ್‌ನಲ್ಲಿ ತೊಡೆಗೆ ಶಸ್ತ್ರಚಿಕಿತ್ಸೆ ಆಯಿತು. ಮತ್ತೆ ಅವರು ಪಂದ್ಯ ಆಡಿದ್ದು ಸೆಪ್ಟೆಂಬರ್ 10ರಂದು, ಕೊಲಂಬೊದಲ್ಲಿ, ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ. ಮಳೆಯಿಂದ ಆ ಪಂದ್ಯ ಮರುದಿನಕ್ಕೆ ಹೋಯಿತು. ರಾಹುಲ್ ಅಜೇಯ 111 ರನ್ ಹೊಡೆದರು. ವಿಕೆಟ್ ಕೀಪಿಂಗೂ ಮಾಡಿದರು. 50 ಓವರ್ ಕೀಪಿಂಗ್ ಅಂದರೆ ಕಡಿಮೆ ಅಂದರೂ 300 ಸಲ ಕುಕ್ಕರಗಾಲಲ್ಲಿ ಕೂತು ಏಳಬೇಕು.

ಬಿದ್ದಿದ್ದನ್ನು ಟಿವಿ ತೋರಿಸಿತು. ಶತಕವನ್ನೂ ತೋರಿಸಿತು. ನಡುವಿನ ನಾಲ್ಕು ತಿಂಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ನಡೆದ ಕೆಲಸವನ್ನು ಯಾರೂ ನೇರಪ್ರಸಾರ ಮಾಡಲಿಲ್ಲ. ಈ ಲೇಖನ ಆ ನಡುವಿನ ಕೆಲಸದ ಬಗ್ಗೆ.

## ಫಿಸಿಯೋ ಅಂದರೆ ಯಾರು?

ಫಿಸಿಯೋಥೆರಪಿಸ್ಟ್ ಅಂದರೆ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ ಮತ್ತು ಕೆಲವು ಉಪಕರಣಗಳಿಂದ ದೇಹದ ಚಲನೆಯನ್ನು ಸರಿಮಾಡುವವರು. ಮಾತ್ರೆ ಬರೆದುಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ಅವರ ಕೆಲಸವಲ್ಲ. ಪಾರ್ಶ್ವವಾಯು ಹೊಡೆದ ಅಜ್ಜನಿಗೆ ನಡೆಯಲು ಕಲಿಸುವವರೂ ಫಿಸಿಯೋನೇ. ಐಸಿಯುನಲ್ಲಿ ಮಲಗಿದವರ ಎದೆಯ ಕಫ ಹೊರತೆಗೆಸುವವರೂ ಫಿಸಿಯೋನೇ.

ಕ್ರೀಡಾ ಫಿಸಿಯೋ ಇದೇ ಓದಿನ ಒಂದು ಕವಲು. ವ್ಯತ್ಯಾಸ ಇರುವುದು ಗುರಿಯಲ್ಲಿ. ಮಂಡಿ ನೋವಿನ ಅಮ್ಮನಿಗೆ ಮೆಟ್ಟಿಲು ಹತ್ತಿ ಇಳಿಯಲು ಬಂದರೆ ಚಿಕಿತ್ಸೆ ಗೆದ್ದ ಹಾಗೆ. ಕಬಡ್ಡಿ ರೈಡರ್‌ಗೆ ಅಷ್ಟು ಸಾಲದು. ಪೂರ್ತಿ ವೇಗದಲ್ಲಿ ನುಗ್ಗಬೇಕು, ಗಕ್ಕನೆ ನಿಲ್ಲಬೇಕು, ಪಕ್ಕಕ್ಕೆ ತಿರುಗಬೇಕು. ಅಷ್ಟರಲ್ಲಿ ನಾಲ್ಕು ಜನ ಅವನ ಕಾಲು ಹಿಡಿದು ಎಳೆಯುತ್ತಿರುತ್ತಾರೆ. ಅದೇ ಮಂಡಿ ಇಷ್ಟನ್ನೂ ತಡೆಯಬೇಕು.

ತಂಡದ ಜೊತೆ ಇನ್ನೂ ಹಲವರು ಇರುತ್ತಾರೆ. ಗಾಯ ಎಂಥದ್ದು ಅಂತ ಪತ್ತೆಮಾಡಿ ಔಷಧಿ ಕೊಡುವವರು ಕ್ರೀಡಾ ವೈದ್ಯರು. ಹರಿದಿದ್ದನ್ನು ಹೊಲಿಯುವವರು ಮೂಳೆ ಶಸ್ತ್ರಚಿಕಿತ್ಸಕರು. ಗಟ್ಟಿಯಾದ ಆಟಗಾರನನ್ನು ಇನ್ನೂ ಗಟ್ಟಿ ಮಾಡುವವರು ಸ್ಟ್ರೆಂಗ್ತ್ ಕೋಚ್. ಮಸಾಜ್ ಮಾಡುವವರು ಬೇರೆ. ಆಟಗಾರನ ಜೊತೆ ದಿನಾ ಕೂತು, ಇವತ್ತು ಎಷ್ಟು ಮಾಡಬೇಕು, ನಾಳೆ ಎಷ್ಟು ಅಂತ ಲೆಕ್ಕ ಇಡುವವರು ಫಿಸಿಯೋ. ಹೀಗೆ ಆಟಗಾರನನ್ನು ಗಾಯದಿಂದ ಮತ್ತೆ ಆಟದವರೆಗೆ ಹಂತ ಹಂತವಾಗಿ ಕರೆತರುವುದಕ್ಕೆ ರಿಹ್ಯಾಬಿಲಿಟೇಶನ್ ಅನ್ನುತ್ತಾರೆ. ಆಟಗಾರರ ಬಾಯಲ್ಲಿ ಅದು ಬರೀ 'ರಿಹ್ಯಾಬ್'.

## ಮೈಯೊಳಗಿನದ್ದೆಲ್ಲ 'ನರ' ಅಲ್ಲ

ನಮ್ಮ ಮಾತಿನಲ್ಲಿ ಮೈಯೊಳಗೆ ಏನು ಎಳೆದರೂ ಅದು 'ನರ'. ಕುತ್ತಿಗೆ ತಿರುಗದಿದ್ದರೆ ನರ ಹಿಡಿದಿದೆ. ಕಾಲು ಉಳುಕಿದರೆ ನರ ಹೊರಳಿದೆ. ಮಾತಿಗೆ ಇದು ಸಾಕು, ಆದರೆ ರಿಹ್ಯಾಬ್ ಅರ್ಥ ಆಗಬೇಕಾದರೆ ನಾಲ್ಕೈದು ಹೆಸರು ಬಿಡಿಸಿಕೊಳ್ಳಲೇಬೇಕು.

ಮಾಂಸಖಂಡ ಎಳೆಯುವ ಎಂಜಿನ್ ಇದ್ದ ಹಾಗೆ. ಅದು ಕುಗ್ಗಿದರೆ ಮೂಳೆ ಅಲುಗುತ್ತದೆ. ಆ ಎಂಜಿನ್ನನ್ನು ಮೂಳೆಗೆ ಕಟ್ಟಿರುವ ಹಗ್ಗ ಟೆಂಡನ್. ನಿಮ್ಮ ಹಿಮ್ಮಡಿಯ ಮೇಲೆ ಹಿಂದುಗಡೆ ಕೈ ಇಟ್ಟು ನೋಡಿ, ಗಟ್ಟಿಯಾಗಿ ಸಿಗುತ್ತದಲ್ಲ, ಅದು ಮೈಯಲ್ಲಿರುವ ಅತಿ ದಪ್ಪನೆಯ ಟೆಂಡನ್. ಒಂದು ಮೂಳೆಯನ್ನು ಇನ್ನೊಂದು ಮೂಳೆಗೆ ಕಟ್ಟಿರುವ ಪಟ್ಟಿ ಲಿಗಮೆಂಟ್. ಕದ ಚೌಕಟ್ಟಿನಿಂದ ಕಳಚದ ಹಾಗೆ ಬಾಗಿಲಿನ ಕೀಲು ಹಿಡಿದಿರುತ್ತದೆ. ಮೈಯ ಕೀಲುಗಳಲ್ಲಿ ಆ ಕೆಲಸ ಲಿಗಮೆಂಟಿನದು. ಮೂಳೆಗಳ ತುದಿಯಲ್ಲಿ, ನಡುವೆ ಇರುವ ಮೆತ್ತೆ ಕಾರ್ಟಿಲೇಜ್. ಇನ್ನು ನಿಜವಾದ ನರ ಅಂದರೆ ಮೆದುಳಿನಿಂದ ಸಂದೇಶ ತರುವ, ಅಲ್ಲಿಗೆ ಸಂದೇಶ ಒಯ್ಯುವ ತಂತಿ.

ಈ ಹೆಸರುಗಳು ಯಾಕೆ ಮುಖ್ಯ? ಒಂದೊಂದೂ ವಾಸಿಯಾಗುವ ವೇಗ ಬೇರೆ ಬೇರೆ. ಮಾಂಸಖಂಡಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ. ಹಾಗಾಗಿ ಸ್ವಲ್ಪ ಹರಿದಿದ್ದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಟೆಂಡನ್‌ಗೆ ರಕ್ತ ಕಡಿಮೆ, ಅದಕ್ಕೆ ತಿಂಗಳುಗಳೇ ಬೇಕು. ಮಂಡಿಯ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡುವುದೇ ಇಲ್ಲ.

ಇನ್ನೊಂದು ಬಗೆಯ ಗಾಯವಿದೆ, ಸ್ಟ್ರೆಸ್ ಫ್ರಾಕ್ಚರ್. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಅಲ್ಲಿ ಬಿರುಕು ಬಿಡುತ್ತದೆ. ವೇಗದ ಬೌಲರ್‌ಗಳ ಬೆನ್ನುಮೂಳೆಯ ಕೆಳಭಾಗದಲ್ಲಿ ಆಗುವುದು ಇದೇ. ಚೆಂಡು ಎಸೆಯುವಾಗ ಅವರ ಮುಂಗಾಲು ನೆಲಕ್ಕೆ ಅಪ್ಪಳಿಸುವ ಬಲ ದೇಹದ ತೂಕದ ಐದಾರು ಪಟ್ಟು ಇರುತ್ತದೆ. ಅದೇ ಹೊತ್ತಿಗೆ ಸೊಂಟ ಪಕ್ಕಕ್ಕೆ ಬಾಗಿ ತಿರುಗುತ್ತದೆ. ಒಂದು ಎಸೆತದಿಂದ ಏನೂ ಆಗುವುದಿಲ್ಲ. ಸಾವಿರಾರು ಎಸೆತ ಸೇರಿದಾಗ, ಮೂಳೆಗೆ ರಿಪೇರಿ ಮಾಡಿಕೊಳ್ಳಲು ಪುರುಸೊತ್ತು ಸಿಗದಿದ್ದಾಗ ಬಿರುಕು ಬೀಳುತ್ತದೆ.

ಕನ್ನಡಿಗ ಪ್ರಸಿದ್ಧ್ ಕೃಷ್ಣ ಅವರನ್ನೇ ನೋಡಿ. ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದಾಗಿ 2023ರ ಐಪಿಎಲ್ ಪೂರ್ತಿ ತಪ್ಪಿತು. ಆಗಸ್ಟ್‌ನಲ್ಲಿ ಐರ್ಲೆಂಡ್‌ನಲ್ಲಿ ಮತ್ತೆ ಭಾರತಕ್ಕೆ ಆಡಿದರು. 2024ರ ಫೆಬ್ರವರಿಯಲ್ಲಿ ಎಡ ತೊಡೆಯ ಮೇಲ್ಭಾಗದ ಟೆಂಡನ್‌ಗೆ ಶಸ್ತ್ರಚಿಕಿತ್ಸೆ. ಆ ವರ್ಷದ ಐಪಿಎಲ್ ಕೂಡ ಹೋಯಿತು. 2025ರ ಐಪಿಎಲ್‌ನಲ್ಲಿ 25 ವಿಕೆಟ್ ತೆಗೆದು, ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಿಗುವ ಪರ್ಪಲ್ ಕ್ಯಾಪ್ ತಲೆಗೆ ಹಾಕಿಕೊಂಡರು. ಎರಡು ಗಾಯ, ಎರಡು ರಿಹ್ಯಾಬ್. ಒಂದು ಮೂಳೆಯದು, ಒಂದು ಟೆಂಡನ್‌ನದು. ಎರಡಕ್ಕೂ ಲೆಕ್ಕ ಬೇರೆ.

## ಒಂದು ಮಂಡಿ, 9 ತಿಂಗಳು

ಈಗ ಒಂದು ಗಾಯವನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಮಂಡ್ಯದ ಕಡೆಯ ಒಬ್ಬ ಕಬಡ್ಡಿ ರೈಡರ್ ಅಂದುಕೊಳ್ಳಿ. ಕಾಲೇಜು ತಂಡದ ಹುಡುಗ. ಬೋನಸ್ ಲೈನ್ ಮುಟ್ಟಿ ತಿರುಗುವಾಗ ಪಾದ ಮ್ಯಾಟ್‌ಗೆ ಅಂಟಿದ ಹಾಗೆ ನಿಂತಿತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ 'ಟಪ್' ಅಂತ ಸದ್ದು. ಸಂಜೆಯೊಳಗೆ ಮಂಡಿ ಊದಿತು. ಎಂಆರ್‌ಐ ಮಾಡಿದಾಗ ಎಸಿಎಲ್ ಹರಿದಿದೆ ಅಂತ ಬಂತು.

ಎಸಿಎಲ್ ಮಂಡಿಯ ನಡುವೆ ಓರೆಯಾಗಿ ಇರುವ ಲಿಗಮೆಂಟ್. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಮಂಡಿ ಬೇಕಾಬಿಟ್ಟಿ ತಿರುಗದ ಹಾಗೆ ಅದು ತಡೆಯುತ್ತದೆ. ಅದು ಹೋದರೆ ನೇರವಾಗಿ ನಡೆಯಬಹುದು, ಆದರೆ ಗಕ್ಕನೆ ತಿರುಗಿದಾಗ ಮಂಡಿ ಕೈಕೊಡುತ್ತದೆ. ಕಬಡ್ಡಿ, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎಲ್ಲವೂ ತಿರುಗುವ ಆಟಗಳೇ. ಒಂದೇ ಆಟ ಆಡುವ ಹುಡುಗ ಹುಡುಗಿಯರನ್ನು ಹೋಲಿಸಿದರೆ ಹುಡುಗಿಯರಲ್ಲಿ ಈ ಗಾಯ ಜಾಸ್ತಿ. ಹೆಣ್ಣುಮಕ್ಕಳ ತಂಡ ನಡೆಸುವವರು ಇದನ್ನು ತಿಳಿದಿರಲೇಬೇಕು.

ಮತ್ತೆ ಕಬಡ್ಡಿಗೆ ಹೋಗಬೇಕು ಅನ್ನುವವರಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಹರಿದ ಪಟ್ಟಿಯ ಜಾಗದಲ್ಲಿ ಅವನದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಟೆಂಡನ್ನಿನಿಂದ ಒಂದು ತುಂಡು ತೆಗೆದು ಕೂರಿಸುತ್ತಾರೆ. ಇದನ್ನು ಗ್ರಾಫ್ಟ್ ಅನ್ನುತ್ತಾರೆ.

ನಾಟಿ ಮಾಡಿದ ಪೈರು ನೆನಪಿಗೆ ತಂದುಕೊಳ್ಳಿ. ಕಿತ್ತು ಬೇರೆ ಗದ್ದೆಯಲ್ಲಿ ಊರಿದಾಗ ಮೊದಲು ಅದು ಬಾಡುತ್ತದೆ. ಹೊಸ ಬೇರು ಬಿಟ್ಟ ಮೇಲೆ ಹಸಿರಾಗುತ್ತದೆ. ಗ್ರಾಫ್ಟ್ ಕೂಡ ಹಾಗೇ. ಕೂರಿಸಿದ ದಿನ ಗಟ್ಟಿ ಇರುತ್ತದೆ. ಆಮೇಲೆ ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳ ಬೆಳೆಯುವ ಹೊತ್ತಿಗೆ, ಅಂದರೆ ಸುಮಾರು 6ರಿಂದ 12 ವಾರದ ನಡುವೆ, ಅದು ತೀರಾ ದುರ್ಬಲವಾಗಿರುತ್ತದೆ. ಅಪಾಯ ಇರುವುದು ಇಲ್ಲೇ. ಆ ಹೊತ್ತಿಗೆ ನೋವು ಬಹುಪಾಲು ಹೋಗಿರುತ್ತದೆ. ಹುಡುಗ ಆರಾಮಾಗಿ ನಡೆಯುತ್ತಿರುತ್ತಾನೆ. 'ನನಗೇನೂ ಆಗಿಲ್ಲ' ಅಂತ ಅವನಿಗೆ ಅನಿಸುತ್ತದೆ. ಒಳಗೆ ಮಾತ್ರ ಪೈರು ಇನ್ನೂ ಬೇರು ಬಿಡುತ್ತಿರುತ್ತದೆ.

ಮೊದಲ ಎರಡು ವಾರ ಫಿಸಿಯೋ ಕೇಳುವುದು ಬಹಳ ಸಣ್ಣ ಕೆಲಸ. ಊತ ಇಳಿಸಬೇಕು. ಮಂಡಿ ಪೂರ್ತಿ ನೇರ ಆಗಬೇಕು. ಮಂಡಿಯ ಕೆಳಗೆ ಟವೆಲ್ ಸುತ್ತಿ ಇಟ್ಟು, ತೊಡೆ ಬಿಗಿಮಾಡಿ ಅದನ್ನು ಒತ್ತಬೇಕು. ಕೇಳೋಕೆ ಸುಲಭ. ಆದರೆ ಶಸ್ತ್ರಚಿಕಿತ್ಸೆ ಆದವರಿಗೆ ಆ ತೊಡೆ ಮಾತೇ ಕೇಳುವುದಿಲ್ಲ. ಮಂಡಿಯೊಳಗೆ ನೀರು ತುಂಬಿ ಊದಿದಾಗ, ಕೀಲನ್ನು ಕಾಪಾಡಲು ನರಮಂಡಲವೇ ತೊಡೆಯ ಮುಂಭಾಗದ ಮಾಂಸಖಂಡವನ್ನು ಅರ್ಧ ಆಫ್ ಮಾಡಿಬಿಡುತ್ತದೆ. ಕೆಲವೇ ದಿನಗಳಲ್ಲಿ ತೊಡೆ ಸಣ್ಣಗಾಗುತ್ತದೆ. ಅದನ್ನು ಮತ್ತೆ ಎಬ್ಬಿಸುವುದೇ ಮೊದಲ ಹೋರಾಟ.

ಆಮೇಲೆ ಊರುಗೋಲು ಬಿಟ್ಟು ಕುಂಟದೆ ನಡೆಯುವುದು, ನಿಂತಲ್ಲೇ ತುಳಿಯುವ ಸೈಕಲ್, ಅರ್ಧ ಬಸ್ಕಿ. ಮೂರು ತಿಂಗಳ ಹೊತ್ತಿಗೆ ಒಂಟಿ ಕಾಲಿನ ಬಸ್ಕಿ, ಭಾರ ಎತ್ತುವುದು. ಕಾಲು ಅಷ್ಟು ಗಟ್ಟಿಯಾಗಿದ್ದರೆ ಮೂರು, ನಾಲ್ಕು ತಿಂಗಳಿಗೆ ನೇರ ಓಟ. ಐದಾರು ತಿಂಗಳಿಗೆ ಜಿಗಿತ. ಇಲ್ಲಿ ಜಿಗಿಯುವುದಕ್ಕಿಂತ ನೆಲಕ್ಕೆ ಇಳಿಯುವುದನ್ನು ಕಲಿಸುವುದೇ ಹೆಚ್ಚು. ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ, ಅವನಿಗೇ ಗೊತ್ತಿಲ್ಲದೆ ಭಾರವನ್ನೆಲ್ಲ ಇನ್ನೊಂದು ಕಾಲಿಗೆ ಹಾಕುತ್ತಿದ್ದಾನೆಯೇ ಅಂತ ಫಿಸಿಯೋ ಮೊಬೈಲಲ್ಲಿ ವಿಡಿಯೋ ಮಾಡಿ ನಿಧಾನಗತಿಯಲ್ಲಿ ತೋರಿಸುತ್ತಾರೆ. ದಿಕ್ಕು ಬದಲಿಸುವ ಓಟ ಆಮೇಲೆ. ಒಬ್ಬನೇ ರೈಡ್‌ನ ಹೆಜ್ಜೆ ಹಾಕುವುದು ಅದರ ನಂತರ. ಕಾಲು ಹಿಡಿಯುವ ಎದುರಾಳಿ ಬರುವುದು ತೀರಾ ಕೊನೆಗೆ.

ಇಷ್ಟರಲ್ಲೂ ಒಂದು ಸೂಕ್ಷ್ಮ ಇದೆ. ಕಾಂಕ್ರೀಟ್ ಛಾವಣಿ ಹಾಕಿದರೆ ನೀರು ಕಟ್ಟಿ, ಸೆಂಟ್ರಿಂಗ್ ಬಿಚ್ಚದೆ ದಿನ ಎಣಿಸಿದರೆ ಆಯಿತು, ತಾನಾಗಿ ಗಟ್ಟಿಯಾಗುತ್ತದೆ. ದೇಹ ಹಾಗಲ್ಲ. ಭಾರ ಬೀಳದಿದ್ದರೆ ಅದು ಗಟ್ಟಿಯಾಗುವುದಿಲ್ಲ, ಜಾಸ್ತಿ ಭಾರ ಬಿದ್ದರೆ ಹರಿಯುತ್ತದೆ. ಈ ಎರಡರ ನಡುವಿನ ದಾರಿ ದಿನದಿನಕ್ಕೂ ಬದಲಾಗುತ್ತದೆ. ಫಿಸಿಯೋ ಅದನ್ನು ಹುಡುಕುವುದು ಮರುದಿನ ಬೆಳಗ್ಗೆ. ನಿನ್ನೆ ಮಾಡಿದ ವ್ಯಾಯಾಮಕ್ಕೆ ಇವತ್ತು ಮಂಡಿ ಊದಿದೆಯೇ? ಊದಿದ್ದರೆ ನಿನ್ನೆ ಜಾಸ್ತಿಯಾಯಿತು. ಊದಿಲ್ಲ, ನೋವೂ ಇಲ್ಲ ಅಂದರೆ ಇವತ್ತು ಒಂದು ಹೆಜ್ಜೆ ಮುಂದೆ. ನನ್ನ ಮಟ್ಟಿಗೆ ಈ ವೃತ್ತಿಯ ಜೀವಾಳವೇ ಇದು. ಪ್ರತಿದಿನ ಭಾರ ತೂಗುವುದು.

## 'ಇನ್ನೂ ಇಲ್ಲ' ಅನ್ನುವ ಮಾತು

ವಾಪಸ್ ಆಡಲು ಯಾವಾಗ ಬಿಡಬೇಕು? ಇದಕ್ಕೆ ಉತ್ತರ ಕ್ಯಾಲೆಂಡರ್‌ನಲ್ಲಿ ಅರ್ಧ ಮಾತ್ರ ಇದೆ. ಎಸಿಎಲ್ ಶಸ್ತ್ರಚಿಕಿತ್ಸೆ ಆದ 106 ಜನರನ್ನು ಎರಡು ವರ್ಷ ಹಿಂಬಾಲಿಸಿದ ಒಂದು ಅಧ್ಯಯನ ನಾರ್ವೆಯಿಂದ 2016ರಲ್ಲಿ ಬಂತು. ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮಂಡಿಗೆ ಮತ್ತೆ ಗಾಯ ಆಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತಾ ಹೋಗಿತ್ತು. ಇದು 9 ತಿಂಗಳವರೆಗೆ. 9 ತಿಂಗಳು ಅನ್ನುವ ಸಂಖ್ಯೆ ಎಲ್ಲರ ಬಾಯಲ್ಲಿ ಕೂತಿರುವುದರ ಹಿಂದೆ ಇಂಥ ಲೆಕ್ಕ ಇದೆ.

ಉಳಿದ ಅರ್ಧ ಉತ್ತರ ಪರೀಕ್ಷೆಗಳಲ್ಲಿದೆ. ಒಂಟಿ ಕಾಲಲ್ಲಿ ಎಷ್ಟು ದೂರ ಜಿಗಿಯುತ್ತಾನೆ, ತೊಡೆಯ ಬಲ ಎಷ್ಟು ಅಂತ ಎರಡೂ ಕಾಲಿನಲ್ಲಿ ಅಳೆಯುತ್ತಾರೆ. ಗಾಯದ ಕಾಲು ಚೆನ್ನಾಗಿರುವ ಕಾಲಿನ ಶೇಕಡಾ 90ರಷ್ಟಾದರೂ ಇರಬೇಕು ಅನ್ನುವುದು ಸಾಮಾನ್ಯ ಅಳತೆ. ಇದರಲ್ಲೂ ಒಂದು ಮೋಸ ಅಡಗಿದೆ. ತಿಂಗಳುಗಟ್ಟಲೆ ಆಡದೆ ಚೆನ್ನಾಗಿರುವ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿಗೆ ಹೋಲಿಸಿ 90 ಬಂತು ಅಂತ ಖುಷಿಪಟ್ಟರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಒಳ್ಳೆಯ ತಂಡಗಳು ಋತು ಶುರುವಾಗುವ ಮೊದಲೇ, ಆಟಗಾರರು ಗಟ್ಟಿಯಾಗಿರುವಾಗಲೇ, ಎಲ್ಲರ ಅಳತೆ ಬರೆದಿಟ್ಟುಕೊಳ್ಳುತ್ತವೆ.

ಮನಸ್ಸನ್ನೂ ನೋಡಬೇಕು. ಬಿದ್ದ ಹೆಜ್ಜೆಯನ್ನೇ ಮತ್ತೆ ಹಾಕುವಾಗ ಹುಡುಗ ಹೆದರಿ ಅರೆಕ್ಷಣ ತಡೆದರೂ ಅವನು ಇನ್ನೂ ತಯಾರಿಲ್ಲ. ಎಷ್ಟೋ ಮಂಡಿಗಳು ಪೂರ್ತಿ ವಾಸಿಯಾಗಿಯೂ ಆಟಕ್ಕೆ ಮರಳದಿರುವುದು ಈ ಭಯಕ್ಕೆ.

ಆಟಗಾರ ನೋವು ಮುಚ್ಚಿಡುತ್ತಾನೆ. ಆಯ್ಕೆ ಪಂದ್ಯ ಹತ್ತಿರ ಇದೆ, ಕೋಚ್ ಕೇಳುತ್ತಿದ್ದಾರೆ, ಮನೆಯವರು ಕೇಳುತ್ತಿದ್ದಾರೆ. ಕ್ರೀಡಾ ಕೋಟಾದ ಕೆಲಸ ಒಂದು ಟೂರ್ನಿಯ ಮೇಲೆ ನಿಂತಿರುತ್ತದೆ. ಇಷ್ಟೆಲ್ಲದರ ಮುಂದೆ ನಿಂತು 'ಇನ್ನೂ ಇಲ್ಲ' ಅನ್ನಬೇಕಾದವರು ಫಿಸಿಯೋ. ಅದೂ 23, 24ನೇ ವಯಸ್ಸಲ್ಲಿ, ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಅನ್ನಬೇಕಾಗಿ ಬರಬಹುದು. ಓದಲು ಸೇರುವ ಮೊದಲೇ ಈ ಭಾರ ಎಷ್ಟು ಅಂತ ತಿಳಿದಿರುವುದು ಒಳ್ಳೆಯದು.

ದೊಡ್ಡ ಮಟ್ಟದಲ್ಲೂ ಇದು ಸರಳವಲ್ಲ. ಜಸ್‌ಪ್ರೀತ್ ಬೂಮ್ರಾ ಬೆನ್ನಿನ ಗಾಯದಿಂದ ಚೇತರಿಸಿಕೊಂಡು 2022ರ ಸೆಪ್ಟೆಂಬರ್‌ನಲ್ಲಿ ಮರಳಿದರು. ಕೆಲವೇ ದಿನಗಳಲ್ಲಿ ಟಿ20 ವಿಶ್ವಕಪ್‌ನಿಂದ ಹೊರಬಿದ್ದರು. 2023ರ ಜನವರಿಯಲ್ಲಿ ಶ್ರೀಲಂಕಾ ಸರಣಿಗೆ ಹೆಸರು ಸೇರಿ, ಆಡುವ ಮೊದಲೇ ಹಿಂದೆ ಸರಿಯಬೇಕಾಯಿತು. ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಗಸ್ಟ್‌ನಲ್ಲಿ ಐರ್ಲೆಂಡ್ ವಿರುದ್ಧ ನಾಯಕರಾಗಿಯೇ ಮರಳಿದರು. ರಿಷಭ್ ಪಂತ್ ಅವರದು ಇನ್ನೂ ಉದ್ದದ ದಾರಿ. 2022ರ ಡಿಸೆಂಬರ್ 30ರಂದು ಕಾರು ಅಪಘಾತ. 14 ತಿಂಗಳ ರಿಹ್ಯಾಬ್ ಮುಗಿದು ಅವರು ಫಿಟ್ ಅಂತ ಬಿಸಿಸಿಐ ಹೇಳಿದ್ದು 2024ರ ಮಾರ್ಚ್ 12ರಂದು.

## ಗಾಯ ಆಗುವ ಮೊದಲೇ

ಕ್ರೀಡಾ ಫಿಸಿಯೋ ಕೆಲಸದ ದೊಡ್ಡ ಪಾಲು ಗಾಯ ತಡೆಯುವುದು. ಗಾಯ ಆಗದಿದ್ದರೆ ಯಾರಿಗೂ ಕಾಣಿಸುವುದಿಲ್ಲ, ಹಾಗಾಗಿ ಇದಕ್ಕೆ ಹೆಸರು ಕಡಿಮೆ. ವೇಗದ ಬೌಲರ್ ವಾರಕ್ಕೆ ಎಷ್ಟು ಎಸೆತ ಹಾಕಿದ ಅಂತ ಎಣಿಸುವುದು, ನಿದ್ದೆ ಸರಿಯಾಗಿದೆಯೇ ಅಂತ ಕೇಳುವುದು, ಹೋದ ವಾರಕ್ಕಿಂತ ಈ ವಾರ ಹೊರೆ ಒಮ್ಮೆಲೇ ಏರದ ಹಾಗೆ ನೋಡುವುದು.

ಇದಕ್ಕೆ ದುಬಾರಿ ಯಂತ್ರ ಬೇಕೇ ಬೇಕು ಅಂತಿಲ್ಲ. ನಾರ್ಡಿಕ್ ಅನ್ನುವ ಒಂದು ವ್ಯಾಯಾಮ ಇದೆ. ಮಂಡಿಯೂರಿ ನಿಲ್ಲಬೇಕು. ಹಿಂದಿನಿಂದ ಗೆಳೆಯ ಹಿಮ್ಮಡಿ ಒತ್ತಿ ಹಿಡಿಯಬೇಕು. ಬೆನ್ನು ಬಗ್ಗಿಸದೆ ನಿಧಾನಕ್ಕೆ ಮುಂದಕ್ಕೆ ವಾಲುತ್ತಾ ಹೋಗಬೇಕು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಇದು ಸುಮಾರು ಅರ್ಧದಷ್ಟು ಕಡಿಮೆ ಮಾಡುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡುಬಂದಿದೆ. ಬೇಕಿರುವುದು ಒಬ್ಬ ಗೆಳೆಯ, ಮಂಡಿ ಕೆಳಗೆ ಒಂದು ಮಡಚಿದ ಟವೆಲ್.

ಇನ್ನು ಮೊದಲ ಚಿಕಿತ್ಸೆಯ ಮಾತು. ಕಾಲು ಉಳುಕಿದ ತಕ್ಷಣ ಎಣ್ಣೆ ಹಚ್ಚಿ ಜೋರಾಗಿ ನೀವಿಸುವ, ಉಳುಕು ತೆಗೆಸುವ ರೂಢಿ ನಮ್ಮಲ್ಲಿದೆ. ಮೊದಲ ಎರಡು ಮೂರು ದಿನ ಒಳಗೆ ಸಣ್ಣ ರಕ್ತನಾಳಗಳು ಒಡೆದಿರುತ್ತವೆ. ಆಗ ಜೋರಾಗಿ ನೀವಿದರೆ ರಕ್ತಸ್ರಾವ, ಊತ ಹೆಚ್ಚುತ್ತದೆ. ಬಟ್ಟೆ ಸುತ್ತಿ ಬಿಗಿಮಾಡಿ, ಕಾಲು ಎತ್ತರದಲ್ಲಿಟ್ಟು, ಭಾರ ಹಾಕದಿರುವುದು ಸರಿ. ಐಸ್ ವಿಷಯದಲ್ಲಿ ಅಭಿಪ್ರಾಯ ಬದಲಾಗುತ್ತಾ ಬಂದಿದೆ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತಿಡುವುದು ಅನ್ನುವ ಸೂತ್ರ ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದು ಅಂತ ಮುಂದೆ ಅವರೇ ಬರೆದರು. ಐಸ್ ನೋವು ತಗ್ಗಿಸುತ್ತದೆ, ಅಷ್ಟಕ್ಕೆ ಬಳಸಬಹುದು. ಊತ ಇಳಿದ ಮೇಲೆ ಮೆಲ್ಲಗೆ ಆಡಿಸಲು ಶುರುಮಾಡಬೇಕು. ಒಂದು ಹೆಜ್ಜೆಯೂ ಇಡಲಾಗದಿದ್ದರೆ ಮಾತ್ರ ಯಾವ ಮನೆಮದ್ದೂ ಬೇಡ, ನೇರ ಎಕ್ಸ್‌ರೇಗೆ ಹೋಗಿ.

## ಓದಿನ ದಾರಿ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆಮೇಲೆ ಬಿಪಿಟಿ, ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ. ಬಹಳ ವರ್ಷ ಇದು 4 ವರ್ಷದ ಓದು, 6 ತಿಂಗಳ ಇಂಟರ್ನ್‌ಶಿಪ್ ಆಗಿತ್ತು. 2021ರಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆಯಿಂದ ಫಿಸಿಯೋಥೆರಪಿಯೂ ಸೇರಿದ ಆರೋಗ್ಯ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗ ಬಂತು. ಆ ಆಯೋಗ 2025ರಲ್ಲಿ ಹೊರಡಿಸಿದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷ, ಒಟ್ಟು 5 ವರ್ಷ. ಪ್ರವೇಶದ ನಿಯಮಗಳೂ ಈಗ ಬದಲಾಗುತ್ತಿವೆ. ಹಾಗಾಗಿ ಅಕ್ಕನ ಕಾಲದ ಲೆಕ್ಕ ನಂಬಬೇಡಿ. ನೀವು ಸೇರುವ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮತ್ತು ಆಯೋಗ ಹೊರಡಿಸಿದ ಪ್ರಕಟಣೆಯನ್ನೇ ಓದಿ.

ರಾಜ್ಯದ ಹೆಚ್ಚಿನ ಕಾಲೇಜುಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಮಣಿಪಾಲ, ಬೆಳಗಾವಿ, ಧಾರವಾಡ, ಮೈಸೂರು, ಮಂಗಳೂರಿನಲ್ಲಿ ಹಳೆಯ ಕಾಲೇಜುಗಳಿವೆ. ಕಾಲೇಜು ಆರಿಸುವಾಗ ಎರಡು ಪ್ರಶ್ನೆ ಗಟ್ಟಿಯಾಗಿ ಕೇಳಿ: ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ದಿನಾ ಎಷ್ಟು ರೋಗಿಗಳು ಬರುತ್ತಾರೆ? ರೋಗಿಗಳಿಲ್ಲದ ಕಾಲೇಜಲ್ಲಿ ಕೈ ಪಳಗುವುದಿಲ್ಲ.

ಮೊದಲ ವರ್ಷ ದೇಹರಚನೆ, ಅಂಗಗಳ ಕೆಲಸ. ಮೃತದೇಹದ ಮೇಲೆ ಒಂದೊಂದು ಮಾಂಸಖಂಡವನ್ನೂ ಗುರುತಿಸಲು ಕಲಿಯಬೇಕು. ಮುಂದೆ ಚಲನೆಯ ಲೆಕ್ಕ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಉಪಕರಣಗಳು. ಆಮೇಲೆ ಮೂಳೆ, ನರ, ಹೃದಯ, ಶ್ವಾಸಕೋಶದ ರೋಗಿಗಳು. 'ನನಗೆ ಕ್ರಿಕೆಟ್ ಫಿಸಿಯೋ ಆಗಬೇಕು, ಪಾರ್ಶ್ವವಾಯು ಯಾಕೆ ಓದಬೇಕು?' ಅನಿಸಬಹುದು. ಮಂಡಿ ಊದಿದಾಗ ತೊಡೆಯನ್ನು ಆಫ್ ಮಾಡಿದ್ದು ನರಮಂಡಲ ಅಂತ ಮೇಲೆ ನೋಡಿದೆವಲ್ವಾ? ಆ ಪಾಠ ಬರುವುದು ಅಲ್ಲಿಂದಲೇ.

ಇದಾದ ಮೇಲೆ 2 ವರ್ಷದ ಎಂಪಿಟಿ, ಅಂದರೆ ಮಾಸ್ಟರ್ ಆಫ್ ಫಿಸಿಯೋಥೆರಪಿ. ಕ್ರೀಡೆಯ ಕವಲು ಹಿಡಿಯುವುದು ಇಲ್ಲೇ. ಹೊರದೇಶಕ್ಕೆ ಹೋಗುವವರು ಅಲ್ಲಿನ ನೋಂದಣಿ ಬೇರೆಯಾಗಿ ಪಡೆಯಬೇಕು. ಬ್ರಿಟನ್‌ನಲ್ಲಿ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ಹೆಸರು ಬರೆಸಬೇಕು, ಅಮೆರಿಕದಲ್ಲಿ ಪರೀಕ್ಷೆ ಬರೆದು ಆಯಾ ರಾಜ್ಯದ ಲೈಸೆನ್ಸ್ ತೆಗೆದುಕೊಳ್ಳಬೇಕು.

ಪುಸ್ತಕದ ಹೊರಗೆ ಕಲಿಯಬೇಕಾದ್ದರಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಅದು ಉದ್ದೀಪನ ಮದ್ದಿನ ನಿಯಮ. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗುತ್ತದೆ. ಮೈಯಲ್ಲಿ ಆ ವಸ್ತು ಸಿಕ್ಕರೆ ಹೊಣೆ ಆಟಗಾರನದೇ, ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ. ಕೀಲುನೋವಿಗೆ ಕೊಡುವ ಕೆಲವು ಸ್ಟೀರಾಯ್ಡ್ ಇಂಜೆಕ್ಷನ್‌ಗಳೂ 2022ರಿಂದ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಊರಿನ ಕ್ಲಿನಿಕ್‌ನಲ್ಲಿ ಯಾರೋ ಕೊಟ್ಟ ಒಂದು ಇಂಜೆಕ್ಷನ್, ಅಂಗಡಿಯಲ್ಲಿ ಕೊಂಡ ಪ್ರೋಟೀನ್ ಡಬ್ಬ, ಇವೆರಡೂ ಆಟಗಾರನ ಬದುಕು ಕೆಡಿಸಬಲ್ಲವು. ಅವನು ಮೊದಲು ಕೇಳುವುದು ಪಕ್ಕದಲ್ಲಿರುವ ಫಿಸಿಯೋನನ್ನು. ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬಾರದು, ವೈದ್ಯರ ಹತ್ತಿರ ಕಳಿಸಬೇಕು.

## ಕೆಲಸ ಎಲ್ಲಿ ಸಿಗುತ್ತದೆ?

ಈ ವೃತ್ತಿಗೆ ಬೆಂಗಳೂರಿಗಿಂತ ಒಳ್ಳೆಯ ಊರು ದೇಶದಲ್ಲಿ ಕಡಿಮೆ. ಮೇಲೆ ಹೇಳಿದ ಕ್ರಿಕೆಟ್ ಅಕಾಡೆಮಿಯ ಹೊಸ ನೆಲೆಯಾದ ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ವಿಮಾನ ನಿಲ್ದಾಣದ ಕಡೆ ಶುರುವಾಯಿತು. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರದಲ್ಲಿ ಹಾಕಿ ಶಿಬಿರಗಳು ನಡೆಯುತ್ತವೆ. ಹಲವು ಆಟಗಳ ತರಬೇತಿ ನಡೆಯುವ ಪಡುಕೋಣೆ-ದ್ರಾವಿಡ್ ಕೇಂದ್ರವಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ ಬಳಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಇವುಗಳ ಜೊತೆ ಐಪಿಎಲ್, ಪ್ರೊ ಕಬಡ್ಡಿ, ಫುಟ್‌ಬಾಲ್ ತಂಡಗಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ 117 ಕ್ರೀಡಾಪಟುಗಳು ಹೋದರು. ಅವರ ಜೊತೆ ಹೋದ ಸಹಾಯಕ ಸಿಬ್ಬಂದಿ 140. ಕೋಚ್‌ಗಳೂ ಸೇರಿದ ಸಂಖ್ಯೆ ಅದು, ಆದರೂ ಕಾಲ ಎಷ್ಟು ಬದಲಾಗಿದೆ ಅಂತ ಗೊತ್ತಾಗುತ್ತದೆ.

ಆದರೆ ಇಂಥ ಕುರ್ಚಿಗಳು ಕೆಲವೇ. ಹೆಚ್ಚಿನವರು ಶುರುಮಾಡುವುದು ಆಸ್ಪತ್ರೆ ಅಥವಾ ಬಡಾವಣೆಯ ಕ್ಲಿನಿಕ್‌ನಲ್ಲಿ. ಮೊದಲ ಕೆಲವು ವರ್ಷ ಸಂಬಳ ಕಡಿಮೆ, ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಬೇಕು. ತಂಡದ ಕೆಲಸಗಳು ಬಹುಪಾಲು ಋತುವಿನ ಲೆಕ್ಕದವು. ಲೀಗ್ ಮುಗಿದರೆ ಒಪ್ಪಂದವೂ ಮುಗಿಯಿತು. ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕು. ಆಟಗಾರ ಏಳುವ ಮೊದಲೇ ಎದ್ದು, ಅವನು ಮಲಗಿದ ಮೇಲೆ ಮಲಗಬೇಕು. ಹೆಣ್ಣುಮಕ್ಕಳ ತಂಡಗಳು ಹೆಚ್ಚುತ್ತಿರುವುದರಿಂದ ಮಹಿಳಾ ಫಿಸಿಯೋಗಳ ಅಗತ್ಯವೂ ಹೆಚ್ಚುತ್ತಿದೆ.

ತಾಲ್ಲೂಕು ಕೇಂದ್ರಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಲ್ಲಿ ವಾಲಿಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ಜೋರಾಗಿವೆ. ಪೊಲೀಸ್, ಸೇನೆ ಭರ್ತಿಗೆ ಓಡುವ ಹುಡುಗ ಹುಡುಗಿಯರು ದಿನಾ ಬೆಳಗ್ಗೆ ಮೈದಾನದಲ್ಲಿರುತ್ತಾರೆ. ಮೊಣಕಾಲ ಕೆಳಗಿನ ಮೂಳೆಯ ನೋವು ಅವರಲ್ಲಿ ಬಹಳ ಸಾಮಾನ್ಯ. ನೋಡುವವರು ಮಾತ್ರ ಇಲ್ಲ. ಅಲ್ಲಿ ಕ್ಲಿನಿಕ್ ತೆರೆದು, ಬೆಳಗ್ಗೆ ಒಂದು ಗಂಟೆ ಮೈದಾನದಲ್ಲಿ ನಿಲ್ಲುವ ಫಿಸಿಯೋಗೆ ಕೆಲಸಕ್ಕೆ ಕೊರತೆ ಆಗದು ಅನ್ನುವುದು ನನ್ನ ನಂಬಿಕೆ.

## ಸೇರುವ ಮೊದಲು ಎರಡು ದಿನ

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ, ಅನುಮತಿ ಕೇಳಿ, ಎರಡು ದಿನ ಮೂಲೆಯಲ್ಲಿ ಕೂತು ನೋಡಿ. ಅಲ್ಲಿ ಕ್ರಿಕೆಟಿಗರು ಇರುವುದಿಲ್ಲ. ಬೈಕಿನಿಂದ ಬಿದ್ದವರು, ಮಂಡಿ ಬದಲಿಸಿಕೊಂಡ ಅಜ್ಜಿ, ಹೆಗಲು ಎತ್ತಲಾಗದ ಡ್ರೈವರ್ ಇರುತ್ತಾರೆ. ಒಂದೇ ಚಲನೆಯನ್ನು ನೂರು ಸಲ ಮಾಡಿಸುವುದನ್ನು ನೋಡುತ್ತೀರಿ. ನಿನ್ನೆಗಿಂತ ಎರಡು ಬೆರಳಷ್ಟು ಜಾಸ್ತಿ ಕೈ ಎತ್ತಿದ್ದಕ್ಕೆ ಇಬ್ಬರೂ ಖುಷಿಪಡುವುದನ್ನು ನೋಡುತ್ತೀರಿ. ರೋಗಿ ಹೋದ ಮೇಲೆ ಫಿಸಿಯೋನ ಹತ್ತಿರ ಹೋಗಿ ಕೇಳಿ: 'ಇವತ್ತು ಹತ್ತು ಸಲ ಸಾಕು ಅಂದಿರಲ್ಲ ಮೇಡಂ, ಹನ್ನೆರಡು ಯಾಕೆ ಬೇಡ?' ಅವರು ಹೇಳುವುದನ್ನು ಕೇಳಿ ನಿಮಗೆ ಇನ್ನೂ ನಾಲ್ಕು ಪ್ರಶ್ನೆ ಹುಟ್ಟಿದರೆ ಅರ್ಜಿ ತುಂಬಿ.